ಜುರೈದಾಳ ತೋಟಕ್ಕೆ ಔಷಧಿ ಹೊಡೆದ ವರದಿ

ರಬ್ಬರ್ ಮರದ ಎಲೆಗೆ ತಗಲುವ ಬೂಷ್ಟುರೋಗವು ಎಲೆಗೆ ಮಾತ್ರ ಸಂಬಂಧಿಸಿದ್ದು, ಮರಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಜಿಲ್ಲಾ ಕಚೇರಿಯ ಎಲೆ ಸಂರಕ್ಷಣಾ ಶಾಖೆಯು ತನ್ನ ಮೊದಲನೆಯ ಸುತ್ತೋಲೆಯಲ್ಲೇ ಸ್ಪಷ್ಟಪಡಿಸಿತ್ತು. ಎರಡನೆಯ ಸುತ್ತೋಲೆಯ ಪ್ರಕಾರ ಮರದಲ್ಲಿರುವುದು ಮಾತ್ರ ಎಲೆ; ನೆಲಕ್ಕೆ ಬಿದ್ದದ್ದು ಕಸ, ಅದು ನೈರ್ಮಲ್ಯ ಶಾಖೆಯ ಸುಪರ್ದಿಗೆ ಸೇರಿದ್ದು. ಎರಡೂ ಸುತ್ತೋಲೆಗಳನ್ನು ಲುಬುಕ್ ಸೆಪಾತ್ ಹಳ್ಳಿಯ ಕಚೇರಿ ಗೋಡೆಗೆ ಅಂಟಿಸಲಾಗಿತ್ತು. ಆದ್ದರಿಂದ ಗೊತ್ತಿರಲಿಲ್ಲ ಎಂದು ಹೇಳಲು ಆ ಹಳ್ಳಿಯಲ್ಲಿ ಯಾರಿಗೂ ಅವಕಾಶವಿರಲಿಲ್ಲ.

ಜುರೈದಾ ಆ ಹಳ್ಳಿಯ ವಿಧವೆ. ಮೂಸಿ ನದಿಯ ಕಡೆ ಇಳಿಯುವ ಅವಳ ತೋಟದಲ್ಲಿ ಇನ್ನೂರ ನಲವತ್ತು ರಬ್ಬರ್ ಮರಗಳಿದ್ದವು. ಗುಂಡಿ ತೋಡಿದವನು ಗಂಡ, ಸಸಿ ಇಟ್ಟವಳು ಅವಳು. ಎರಡು ವರ್ಷದಿಂದ ಎಲೆಗಳ ಮೇಲೆ ಕಂದು ಚುಕ್ಕೆ ಮೂಡಿ, ಕಾಲವಲ್ಲದ ಕಾಲದಲ್ಲಿ ಉದುರುತ್ತಿದ್ದವು. ಬಟ್ಟಲು ತುಂಬುತ್ತಿದ್ದ ಹಾಲು ಈಗ ತಳ ಒದ್ದೆಯಾಗುವಷ್ಟು ಬಂದರೆ ಹೆಚ್ಚು. ಈ ಸಲ ಮತ್ತೆ ತಾಮ್ರದ ಬಣ್ಣದ ಚಿಗುರು ಬಂದಿತ್ತು. ಅದು ಬಲಿಯುವ ಹದಿನೈದು ದಿನದೊಳಗೆ ಔಷಧಿ ಹೊಡೆದರೆ ಮರ ಉಳಿಯುತ್ತದೆ, ಇಲ್ಲದಿದ್ದರೆ ಒಣಗುತ್ತದೆ. ಮರ ಒಣಗಿದರೆ ಜುರೈದಾಳಿಗೆ ಬೇರೆ ಗತಿ ಇರಲಿಲ್ಲ.

ಎಲೆ ಸಂರಕ್ಷಣಾ ಶಾಖೆಯ ಮುಖ್ಯಸ್ಥರಾದ ಎಫೆಂದಿಯವರು ಬಹಳ ಮರ್ಯಾದಸ್ಥರು. ಅವಳನ್ನು ಕೂರಿಸಿ ಕಾಫಿ ತರಿಸಿದರು. ಅವರು ಅವಳನ್ನು ಬು, ಅಂದರೆ ಅಮ್ಮ ಎನ್ನುವರು; ಅವಳು ಅವರನ್ನು ಪಾಕ್, ಅಂದರೆ ಸ್ವಾಮಿ ಎನ್ನುವಳು.

"ಔಷಧಿ ಬಂದಿದೆ ಬು ಜುರೈದಾ. ಗೋದಾಮಲ್ಲಿ ನಲವತ್ತು ಡಬ್ಬ ಇದೆ. ನಿಮ್ಮ ಹೆಸರೂ ಪಟ್ಟೀಲಿದೆ."

"ಹಂಗಾದ್ರೆ ಕೊಡಿ ಪಾಕ್, ಈಗ್ಲೇ ಹೊತ್ಕೊಂಡು ಹೋಗ್ತೀನಿ."

"ಹೊತ್ಕೊಂಡು ಹೋಗೋಕೆ ಅದೇನು ಗೆಣಸಾ? ಔಷಧಿ ಹೊಡೆದಿರೋ ಫೋಟೋ ಲಗತ್ತಿಸಿದ್ರೆ ಮಾತ್ರ ಗೋದಾಮಿನವರು ಔಷಧಿ ಬಿಡೋದು. ಹೋದ ವರ್ಷ ಒಬ್ಬ ತಗೊಂಡು ಹೋಗಿ ಹೊಡೀಲೇ ಇಲ್ಲ. ಅದಕ್ಕೇ ಈ ಮುನ್ನೆಚ್ಚರಿಕೆ."

"ಔಷಧಿ ಇಲ್ದೆ ಹೆಂಗೆ ಹೊಡೆಯೋದು ಪಾಕ್?"

"ಯಾರು ಹೊಡೀರಿ ಅಂದ್ರು? ಹೊಡೆದಿರೋ ಫೋಟೋ ತಾನೇ ಕೇಳ್ತಿರೋದು."

ಬ್ಯಾನರ್ ಇಲ್ಲದ ಫೋಟೋ ಊರ್ಜಿತವಲ್ಲವೆಂಬುದು ಸಣ್ಣ ಮಕ್ಕಳಿಗೂ ತಿಳಿದ ವಿಷಯ. ಒಂಬತ್ತನೆಯ ದಿನ ಬ್ಯಾನರ್ ಅಚ್ಚಾಗಿ ಬಂತು. ಅದರಲ್ಲಿ ಜಿಲ್ಲಾಧ್ಯಕ್ಷರು ಕಪ್ಪು ಟೋಪಿ ಹಾಕಿದ್ದರು. ಆದರೆ ಅವರು ಅದೇ ವಾರ ಟೋಪಿ ಬಿಟ್ಟು ರುಮಾಲು ಸುತ್ತಲು ಆರಂಭಿಸಿದ್ದರಿಂದ ಬ್ಯಾನರನ್ನು ಹೊಸದಾಗಿ ಅಚ್ಚು ಹಾಕಿಸುವುದು ಅನಿವಾರ್ಯವಾಯಿತು. ಜುರೈದಾ ದಿನಾ ಬೆಳಗ್ಗೆ ಕತ್ತೆತ್ತಿ ಚಿಗುರು ನೋಡುವಳು, ಬೆರಳು ಮಡಿಸುವಳು.

ಹದಿಮೂರನೆಯ ದಿನ ಎರಡು ಜೀಪುಗಳಲ್ಲಿ ಹನ್ನೊಂದು ಅಧಿಕಾರಿಗಳು, ಒಂದು ಬ್ಯಾನರ್, ಐವತ್ತು ಊಟದ ಪೊಟ್ಟಣ ಮತ್ತು ಒಂದು ಔಷಧಿ ಪಂಪು ಬಂದಿಳಿದವು. ಪಂಪಿಗೆ ನದಿಯ ನೀರು ತುಂಬಿ ಎಫೆಂದಿಯವರೇ ಬೆನ್ನಿಗೆ ಕಟ್ಟಿಕೊಂಡರು. ಹಳ್ಳಿಯ ಮುಖ್ಯಸ್ಥ ತೋಹಿರ್ ಬ್ಯಾನರಿನ ಒಂದು ತುದಿ ಹಿಡಿದ, ಜುರೈದಾ ಇನ್ನೊಂದು ತುದಿ ಹಿಡಿದಳು.

"ಸ್ವಲ್ಪ ನಗಿ ಬು," ಎಂದ ಫೋಟೋದವನು. "ರೋಗ ಹೋಗ್ತಾ ಇದೆಯಲ್ಲ!"

ನಕ್ಕಳು. ಔಷಧಿ ಸಿಗುವುದಾದರೆ ಕುಣಿಯಲೂ ಸಿದ್ಧವಿದ್ದಳು.

ಮರುದಿನ ಬೆಳಗಾಗುತ್ತಲೇ ಕಚೇರಿಯ ಬಾಗಿಲಲ್ಲಿ ನಿಂತಳು. ಎಫೆಂದಿಯವರ ಮುಖ ಅರಳಿತ್ತು.

"ವರದಿ ಮಂಜೂರಾಯ್ತು ಬು! ನಿಮ್ಮ ತೋಟಕ್ಕೆ ಔಷಧಿ ಹೊಡೆದಾಗಿದೆ."

"ಅದಕ್ಕೇ ಬಂದೆ ಪಾಕ್. ಈಗ ಔಷಧಿ ಕೊಡಿ."

"ಹೊಡೆದಿರೋ ತೋಟಕ್ಕೆ ಇನ್ನೊಂದ್ಸಲ ಕೊಡೋದಾ? ಒಬ್ಬರಿಗೇ ಎರಡು ಸಲ ಸವಲತ್ತು ಕೊಟ್ರೆ ನನ್ನ ಜೈಲಿಗೆ ಹಾಕ್ತಾರೆ. ನಿಮ್ಮನ್ನೂ ಹಾಕ್ತಾರೆ, ಫೋಟೋದಲ್ಲಿ ನೀವೂ ಇದೀರಲ್ಲ, ನಗ್ತಾ."

"ಅಯ್ಯೋ, ಅದು ಹೊಳೆ ನೀರಲ್ವಾ ಪಾಕ್!"

"ಮೆಲ್ಲಗೆ ಬು. ಸರ್ಕಾರಿ ಪಂಪಿಂದ ಬಂದದ್ದನ್ನ ನೀರು ಅನ್ನಬಾರದು."

ಜುರೈದಾ ದಾರಿಯುದ್ದಕ್ಕೂ ಬಾಯಿಗೆ ಬಂದಂತೆ ಬೈದುಕೊಂಡು ಮನೆಗೆ ನಡೆದಳು. ಮೂರು ವಾರದಲ್ಲಿ ಚಿಗುರೆಲ್ಲ ಚುಕ್ಕೆಯಾಗಿ ಉದುರಿತು. ಕೊಂಬೆಗಳು ತುದಿಯಿಂದ ಕೆಳಕ್ಕೆ ಒಣಗುತ್ತ ಬಂದವು.

ಇತ್ತ ಕಚೇರಿಯಲ್ಲಿ ನಲವತ್ತು ಡಬ್ಬಗಳು ಬಳಕೆಯಾಗದೆ ಉಳಿದವು. ಔಷಧಿ ಹೊಡೆದ ಮೇಲೂ ಔಷಧಿ ಉಳಿದಿರುವುದು ಸಂಶಯಕ್ಕೆ ಎಡೆಮಾಡುತ್ತದೆ. ಆದ್ದರಿಂದ ಅವನ್ನು ಬಂದಲ್ಲಿಗೇ ಹಿಂತಿರುಗಿಸಿ, ಬದಲಿಗೆ ಅರವತ್ತು ಮೀಟರ್ ಉದ್ದದ ಬ್ಯಾನರ್ ತರಿಸಲಾಯಿತು. ವರದಿಗೆ ಗುಣವಾದ ನಂತರದ ಫೋಟೋ ಬೇಕಿತ್ತು. ಬ್ಯಾನರಿನ ತುಂಬ ಸೊಂಪಾದ ರಬ್ಬರ್ ತೋಟವೊಂದರ ಚಿತ್ರ. ಯಾವ ದೇಶದ್ದೋ ತಿಳಿಯದು. ಅದನ್ನು ಜುರೈದಾಳ ತೋಟದ ಮುಂದೆ ರಸ್ತೆಯುದ್ದಕ್ಕೂ ಬಿಗಿದು ಫೋಟೋ ತೆಗೆದರು.

"ನಿನ್ನ ಮರಗಳು ಒಳ್ಳೇ ಕಾಲದಲ್ಲೂ ಇಷ್ಟು ಹಸಿರಿರ್ಲಿಲ್ಲ ಬಿಡು," ಎಂದ ತೋಹಿರ್.

"ನನ್ನ ಮರ ಹಿಂದ್ಗಡೆ ಇದಾವೆ ತೋಹಿರ್ ಮಾವ. ಸಾಯ್ತಾ ಇದಾವೆ."

"ಹಿಂದ್ಗಡೆ ಯಾರು ನೋಡ್ತಾರೆ?"

ನೋಡಿದರು. ಕಚೇರಿಗೆ ಹೋದ ಫೋಟೋದಲ್ಲಿ ಬ್ಯಾನರಿನ ಮೇಲಂಚಿನಿಂದ ಒಣ ಕೊಂಬೆಗಳು ಇಣುಕುತ್ತಿದ್ದವು. ಹತ್ತು ದಿನಕ್ಕೆ ನೋಟೀಸು ಬಂತು: "ತಮ್ಮ ಆರೋಗ್ಯವಂತ ತೋಟದ ಹಿಂಭಾಗದಲ್ಲಿ ಇನ್ನೂರ ನಲವತ್ತು ಒಣ ಮರಗಳು ಅನಧಿಕೃತವಾಗಿ ನಿಂತಿರುವುದು ಗಮನಕ್ಕೆ ಬಂದಿದೆ. ಸದರಿ ಮರಗಳನ್ನು ಏಳು ದಿನಗಳೊಳಗೆ ತೆರವುಗೊಳಿಸತಕ್ಕದ್ದು."

ಜುರೈದಾ ತೆರವುಗೊಳಿಸಲಿಲ್ಲ. ಎಂಟನೆಯ ದಿನ ಗರಗಸದವರು ಬಂದಾಗ ಮೊದಲನೆಯ ಸಾಲಿನ ಮರವನ್ನು ತಬ್ಬಿಕೊಂಡು ಗೋಳಾಡಿದಳು. ಅಳುವುದಕ್ಕೆ ನಿಯಮದ ಅಡ್ಡಿ ಇರಲಿಲ್ಲವಾದ್ದರಿಂದ ಅಧಿಕಾರಿಗಳು ಕಾದರು. ಆಮೇಲೆ ತೋಹಿರ್ ಅವಳ ಕೈ ಬಿಡಿಸಿದ. ನೆಟ್ಟಗಿದ್ದ ಕಾಂಡಗಳನ್ನು ಪಟ್ಟಿಯಲ್ಲಿದ್ದ ಉಳಿದ ನಾಲ್ಕು ಹಳ್ಳಿಗಳಿಗೆ ಬ್ಯಾನರ್ ಕಟ್ಟುವ ಕಂಬಗಳಿಗೆಂದು ಒಯ್ದರು. ಆ ಹಳ್ಳಿಗಳವರೂ ಔಷಧಿಗೆಂದು ಅರ್ಜಿ ಹಾಕಿ ಸಾಲಿನಲ್ಲಿ ಕಾಯುತ್ತಿದ್ದರು.

ಪ್ರಾಂತ್ಯದಿಂದ ಮುಖ್ಯ ಅತಿಥಿಗಳು ಬಂದ ದಿನ ಜುರೈದಾಳಿಗೆ ಮಾದರಿ ರೈತ ಮಹಿಳೆ ಎಂಬ ಪ್ರಶಸ್ತಿ ಪತ್ರ ಕೊಟ್ಟರು.

"ಹಾಲು ಇಳಿಸಿ ತೋರ್ಸಿ ಬು," ಎಂದರು ಅತಿಥಿಗಳು.

ಅವಳು ಕತ್ತಿ ಹಿಡಿದು ಬ್ಯಾನರಿನ ಮರವೊಂದಕ್ಕೆ ಓರೆಯಾಗಿ ಗೀರಿದಳು. ಕೈಗೆ ಅಭ್ಯಾಸವಿತ್ತು. ಬಟ್ಟೆ ಪರ್ರನೆ ಹರಿಯಿತು. ಎಫೆಂದಿಯವರು ಬೆವರಿದರು. ಫೋಟೋದವನು ಚುರುಕಿನವನು, ಕಾಫಿಗೆಂದು ತಂದಿಟ್ಟಿದ್ದ ಗಟ್ಟಿಹಾಲಿನ ಡಬ್ಬ ತೆಗೆದು ಬಟ್ಟಲಿಗೆ ಸುರಿದ. ಅತಿಥಿಗಳು ಬೆರಳು ಅದ್ದಿ ನೋಡಿದರು.

"ಭೇಷ್, ಎಷ್ಟು ಮಂದವಾಗಿದೆ!" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಂದಿನಿಂದ ಮಾದರಿ ರೈತರಿಗೆ ತಿಂಗಳಿಗೆ ಎರಡು ಡಬ್ಬ ಗಟ್ಟಿಹಾಲು ಇಳುವರಿ ಪೂರಕವೆಂದು ಮಂಜೂರಾಯಿತು. ಜುರೈದಾ ತಿಂಗಳು ತಪ್ಪದೆ ಹೋಗಿ ಹೆಬ್ಬೆಟ್ಟು ಒತ್ತಿ ತರುತ್ತಾಳೆ. ಅಂಗಡಿಯವನು ಅದನ್ನು ತೆಗೆದುಕೊಂಡು ಅಕ್ಕಿ ಕೊಡುತ್ತಾನೆ.

ಮುಂದಿನ ಒಣಗಾಲ ಬಂತು. ಲುಬುಕ್ ಸೆಪಾತಿನಲ್ಲಿ ಎಲ್ಲರ ಮರಗಳೂ ಎಲೆ ಉದುರಿಸುವ ಕಾಲ; ಈ ಸಲ ರೋಗವೂ ಸೇರಿಕೊಂಡಿತ್ತು. ಜುರೈದಾ ಎಂದಿನಂತೆ ಎದ್ದು ಪೊರಕೆ ಹಿಡಿದು ತೋಟಕ್ಕೆ ಹೋದಳು, ಬ್ಯಾನರಿನ ಬುಡದಲ್ಲಿ ಈ ತುದಿಯಿಂದ ಆ ತುದಿಗೆ ಗುಡಿಸಿದಳು. ಬರೀ ಧೂಳು ಬಂತು. ರಸ್ತೆಯಲ್ಲಿ ಹೋಗುತ್ತಿದ್ದ ತೋಹಿರ್ ಸೈಕಲ್ ನಿಲ್ಲಿಸಿದ.

"ಊರಿಗೆಲ್ಲ ರೋಗ, ನಿನ್ನ ತೋಟದಲ್ಲಿ ಮಾತ್ರ ಒಂದೆಲೇನೂ ಬಿದ್ದಿಲ್ಲ ನೋಡು!" ಎಂದ. ಅವನು ಗೇಲಿ ಮಾಡುತ್ತಿರಲಿಲ್ಲ.

ಜುರೈದಾ ಬೆನ್ನು ನೆಟ್ಟಗೆ ಮಾಡಿ ಹಸಿರನ್ನೇ ಸ್ವಲ್ಪ ಹೊತ್ತು ನೋಡಿದಳು.

"ಹೌದು ಮಾವ," ಎಂದಳು. "ಔಷಧಿ ಚೆನ್ನಾಗಿ ಹಿಡೀತು."