ಬೇವಿನ ಕಡ್ಡಿ ಅಳೆದ ಪೆಟ್ರೋಲು

ಅಣ್ಣನ ಮದುವೆಗೆ ನಮ್ಮ ದಿಬ್ಬಣ ಬೆಳುಗುಪ್ಪದಿಂದ ರಾಯದುರ್ಗಕ್ಕೆ ಹೊರಟಿತ್ತು. ಎಲ್ಲರಿಗೂ ಬಸ್ಸು, ಮದುಮಗನಿಗೆ ಮಾತ್ರ ಸೋದರಮಾವನ ಕಾರು; ಅವನ ಜೊತೆಗೆ ದೊಡ್ಡಮ್ಮ ಮತ್ತು ನಾನು. ನನಗಿಂತ ದುಪ್ಪಟ್ಟು ವಯಸ್ಸಿನ ಆ ಕಾರಿನ ಪೆಟ್ರೋಲ್ ತೋರಿಸುವ ಮುಳ್ಳು ಎಂದೋ ಸತ್ತಿದೆ. ಹಾಗಾಗಿ ಮಾವ ಕಂಡ ಬಂಕಿಗೆಲ್ಲ ನುಗ್ಗುತ್ತಾನೆ, ಕಂಡ ಗುಡಿಗೆಲ್ಲ ಕೈಮುಗಿದಂತೆ.

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದ ನಾನು ಇಂಥ ಮೂಢನಂಬಿಕೆಯನ್ನು ಸಹಿಸುವುದುಂಟೆ? ಹೊರಡುವ ಮುಂಚೆ ಮನೆಯೆದುರೇ ಟ್ಯಾಂಕಿಗೆ ಬೇವಿನ ಕಡ್ಡಿ ಇಳಿಸಿ ಎತ್ತಿದೆ. ಒಂದು ಗೇಣು ಒದ್ದೆ! ರಾಯದುರ್ಗಕ್ಕೆ ಧಾರಾಳ ಸಾಕು.

ಊರಾಚೆ ಬಂಕು ಬಂತು. ಮಾವ ಸ್ಟೇರಿಂಗ್ ತಿರುಗಿಸಿದ.

“ಯಾಕ ಮಾವ?”

“ಹಾಕ್ಸಿಬಿಡೂನವ್ವಾ. ದಾರ್ಯಾಗ ನಿಂತ್ರ?”

“ನಿಲ್ಲತೈತಿ ಅನ್ನಾಕ ಪುರಾವೆ ಏನು? ನಂದು ಕಡ್ಡಿ ಐತಿ. ನಿಂದೇನೈತಿ?”

“ನಂದು ಹೆದ್ರಿಕಿ ಐತಿ.”

“ಹೆದ್ರಿಕಿ ಪುರಾವೆ ಅಲ್ಲ!”

ಹಿಂದೆ ಅಣ್ಣನ ಪಕ್ಕ ಕೂತಿದ್ದ ದೊಡ್ಡಮ್ಮ, “ಆಕಿ ಕೂಡ ಗೆಲ್ಲಾಕ ಆಗಂಗಿಲ್ಲ, ನಡಿಯಪ್ಪ. ಮುಹೂರ್ತ ಮೀರತೈತಿ” ಎಂದಳು.

ತೀರ್ಪು ನನ್ನ ಪರ!

ರಾಯದುರ್ಗದ ಬೆಟ್ಟ ಕಂಡಿತು. ಕಲ್ಯಾಣಮಂಟಪದ ವಾಲಗವೂ ಕಿವಿಗೆ ಬಿತ್ತು. ಆಗ ಕಾರು ಬಿಕ್ಕಿ ಬಿಕ್ಕಿ ನಿಂತೇ ಹೋಯಿತು.

ಮಾವ ನನ್ನತ್ತ ತಿರುಗಿದ. “ಮನಿ ಮುಂದ ಗಾಡಿ ಹೆಂಗ ನಿಂತಿತ್ತು, ವಕೀಲಮ್ಮ?”

ಇಳಿಜಾರಿನಲ್ಲಿ. ಹಿಂಭಾಗ ಕೆಳಕ್ಕೆ. ಇದ್ದಬದ್ದ ಪೆಟ್ರೋಲೆಲ್ಲ ಟ್ಯಾಂಕಿನ ಹಿಂಬದಿಗೆ ಹರಿದು ಬಂದು ನನ್ನ ಕಡ್ಡಿಯ ಕಾಲಿಗೆ ಬಿದ್ದಿತ್ತು!

ಪೆಟ್ರೋಲು ತರುವಷ್ಟರಲ್ಲಿ ಮುಹೂರ್ತ ಮುಗಿಯುತ್ತಿತ್ತು. “ಅಣ್ಣಾ, ಇಳಿದು ನಡಿ. ಇಲ್ಲೇ ಐತಿ” ಎಂದೆ.

“ಬಾಗ್ಲಾ ಮುಟ್ಟಿದ್ರ ನೋಡು!” ದೊಡ್ಡಮ್ಮ ಅಬ್ಬರಿಸಿದಳು. “ಬೀಗ್ರು ಆರತಿ ಎತ್ತೋತನಕ ಮದಿಮಗ ನೆಲಕ್ಕ ಕಾಲಿಡಬಾರ್ದು.”

ಚರ್ಚೆಗೆ ಅವಕಾಶವಿರಲಿಲ್ಲ. ಹೊಸ ರೇಷ್ಮೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನೂಕತೊಡಗಿದೆ. ಮಾವ ಇಳಿದು, ಕಿಟಕಿಯೊಳಗೆ ಕೈಹಾಕಿ ಸ್ಟೇರಿಂಗ್ ಹಿಡಿದು ನೂಕಿದ. ಮದುಮಗನ ಕಾವಲಿಗೆಂದು ದೊಡ್ಡಮ್ಮ ಒಳಗೇ ಕೂತಳು!

ವಾಲಗದವರು ನಮ್ಮನ್ನು ಕಂಡು ಎದುರು ಬಂದರು. ಅವರ ಹಿಂದೆ ಬಿಸಿಲಲ್ಲಿ ಬಗ್ಗಿ, ಬೆವರಿ, ಮಂಟಪದ ಬಾಗಿಲು ಮುಟ್ಟಿಸಿದೆವು. ಹೆಣ್ಣಿನ ತಂದೆ ಗಾಬರಿಯಿಂದ ಓಡಿ ಬಂದವರು ಕಾರಿನ ಸುತ್ತ ಒಮ್ಮೆ ನೋಡಿದರು.

“ನೋಡ್ರಿ, ಏನ್ ಮರ್ಯಾದಿ!” ಅವರ ಮುಖ ಅರಳಿತು. “ಎಂಜಿನ್ ಬಂದ್ ಮಾಡಿ, ಮದಿಮಗನ್ನ ಪಲ್ಲಕ್ಕಿ ತಂದಂಗ ತಂದಾರ!”

ಆರತಿ ಎತ್ತಿದರು. ಅಣ್ಣ ಇಳಿದ. ಮುಹೂರ್ತಕ್ಕೆ ಇನ್ನೂ ಹೊತ್ತಿತ್ತು. ಅಬ್ಬಾ!

“ಹೌದ್ರಿ, ನಮ್ಮ ಮನಿ ಪದ್ಧತಿ” ಎಂದ ಮಾವ.

ಅಪ್ಪಟ ಸುಳ್ಳು! ಖಂಡಿಸಲು ಅಭ್ಯಾಸಬಲದಿಂದ ಬಾಯಿ ತೆರೆದೆ. ಏದುಸಿರಿನ ಹೊರತು ಏನೂ ಹೊರಡಲಿಲ್ಲ. ಸದ್ಯ, ಅಣ್ಣನ ಮದುವೆಯಾಯಿತು!