ಬೊಗಸೆಯ ಮಾವ

ನಮ್ಮ ಸೋದರಮಾವನಿಗೆ ಹಾವಿನ ಭಯವಿಲ್ಲ, ದೆವ್ವದ ಭಯವಿಲ್ಲ. ನೀರಿನ ಗ್ಲಾಸು ಮುಂದೆ ಹಿಡಿದರೆ ಮಾತ್ರ ಎದ್ದು ಹೊರಗೆ ನಡೆಯುತ್ತಾನೆ. ಯಾರ ಮನೆಗೇ ಹೋಗಲಿ, ಅಂಗಳದಲ್ಲಿ ಬಾಗಿ ನಿಂತು ಬೊಗಸೆ ಒಡ್ಡಿ, "ಮ್ಯಾಲಿಂದ ಹಾಕ್ರಿ" ಎನ್ನುತ್ತಾನೆ. ಬಿರುಬೇಸಿಗೆಯಲ್ಲೂ ಅಂಗಿತೋಳು ಒದ್ದೆಯಾಗಿರುವ ಮನುಷ್ಯ ಬನಹಟ್ಟಿಯಲ್ಲಿ ಇವನೊಬ್ಬನೇ. ಚಹಾ? ಬಿಟ್ಟೇಬಿಟ್ಟಿದ್ದಾನೆ. "ಬೊಗಸ್ಯಾಗ ಚಹಾ ಹಿಡದ ನೋಡೀನಿ, ಒಮ್ಮೆ ಸಾಕು."

ಈ ಹುಚ್ಚು ಹಿಡಿದದ್ದು ಸಾವಳಗಿಯಲ್ಲಿ, ಚಿಕ್ಕಂದಿನಲ್ಲಿ. ಊರಾಚೆಯ ಕೇರಿಯ ಗೆಳೆಯನನ್ನು ಶಾಲೆಯಿಂದ ಮನೆಗೆ ಕರೆತಂದಿದ್ದ. ಅಜ್ಜಿ ಮಗನಿಗೆ ಗ್ಲಾಸು ಕೊಟ್ಟು, ಗೆಳೆಯನ ಬೊಗಸೆಗೆ ಮೇಲಿಂದ ತಂಬಿಗೆ ಬಗ್ಗಿಸಿದಳು. ಮಾವ ಗ್ಲಾಸು ಕೆಳಗಿಟ್ಟು ಗೆಳೆಯನ ಪಕ್ಕದಲ್ಲೇ ಬೊಗಸೆ ಒಡ್ಡಿದ. ಬೆನ್ನಿಗೆ ಗುದ್ದು ಬಿತ್ತು. ಬೊಗಸೆ ಬಿಚ್ಚಲಿಲ್ಲ. ಮೇಲೆ ನಿಂತು ಸುರಿಯುವುದು ಪದ್ಧತಿಯಂತೆ, ಕೆಳಗೆ ನಿಂತು ಕುಡಿಯುವುದು ಹುಚ್ಚಂತೆ. ಊರವರ ತರ್ಕ ನೋಡಿ!

ನಾನೋ ಜಮಖಂಡಿ ಕಾಲೇಜಿನ ಚರ್ಚಾಪಟು, ಬಿಡುತ್ತೇನೆಯೇ?

"ಮಾವಾ, ನೀ ಹಿಂಗ ಕುಡದ್ರ ಸಮಾಜ ಬದಲಾಕ್ಕೈತೇನು?"

"ಸಮಾಜ ಬದಲಾಗಲಿ ಅಂತ ಯಾರ ನೀರ ಕುಡೀತಾರಲೇ? ನೀರಡಿಕಿ ಆಗಿರ್ತೈತಿ, ಕುಡೀತೀನಿ."



ಅಕ್ಕನನ್ನು ನೋಡಲು ಮುಧೋಳದವರು ಬಂದ ದಿನ ಅವ್ವ ಅವನ ಕೈಹಿಡಿದಳು. "ಯಣ್ಣಾ, ಈ ಸಂಬಂಧ ಕೂಡಲಿ. ಇವತ್ತೊಂದಿನ ಗ್ಲಾಸ ಹಿಡಿ."

"ಆತ ತಂಗಿ, ಹಿಡೀತೀನಿ" ಎಂದು ಜಮಖಾನದ ಮೇಲೆ ಕೂತ. ಅಷ್ಟರಲ್ಲಿ ಅವರ ಜೀಪಿನ ಡ್ರೈವರ್ ಅಂಗಳದಿಂದ ನೀರು ಕೇಳಿದ. ವರನ ತಂದೆ, "ಅವಗ ಗ್ಲಾಸ ಬ್ಯಾಡ್ರಿ, ಮ್ಯಾಲಿಂದ ಹಾಕ್ರಿ" ಎಂದರು. ಅವ್ವ ತಂಬಿಗೆ ಎತ್ತಿಕೊಂಡಳು. ಮಾವ ಎದ್ದು ಹೋಗಿ ಡ್ರೈವರನ ಪಕ್ಕ ಬೊಗಸೆ ಒಡ್ಡಿದ.

"ಇದೇನ್ರೀ? ಮ್ಯಾಲ ಬರ್ರಿ."

"ಇಬ್ರೂ ಬರ್ತೇವ್ರಿ."

"ಹಂಗಾದ್ರ ನಾವ ಹೊಂಡ್ತೀವ್ರಿ."

ಬೀಗರಿಗೆಂದು ನೀರಿನ ಗ್ಲಾಸುಗಳ ತಟ್ಟೆ ಹಿಡಿದು ಬಂದಿದ್ದ ಅಕ್ಕ ಅವರನ್ನು ದಾಟಿ ಅಂಗಳಕ್ಕಿಳಿದಳು. ಮೊದಲ ಗ್ಲಾಸು ಡ್ರೈವರನಿಗೆ. ಅವನು ಯಜಮಾನನ ಮುಖ ನೋಡಿದ, ಅಕ್ಕನ ಮುಖ ನೋಡಿದ, ಕುಡಿದ. ಎರಡನೆಯದನ್ನು ಮಾವನ ಕೈಗಿಟ್ಟಳು.

ಜೀಪು ಹೋಯಿತು. ಅವ್ವ ಒಳಗೆ ಅಳುತ್ತಿದ್ದಳು. ಮಾವ ತುಂಬಿದ ಗ್ಲಾಸು ಹಿಡಿದು ಕಟ್ಟೆಯ ಮೇಲೆ ಕುಸಿದಿದ್ದ.

"ನಿನ್ನ ಸಂಬಂಧ ಮುರದೆನವ್ವಾ."

"ನೀ ಎಲ್ಲಿ ಮುರದಿ? ಮುರದಾಕಿ ನಾ. ನಾ ಮಾಡಿದ್ದರ ಹೆಸರ ನೀ ಹೊಡಕೋಬ್ಯಾಡ. ಕುಡಿ."

ರೂಢಿ ತಪ್ಪಿದ ಮಾವ ಅರ್ಧ ನೀರು ಎದೆಯ ಮೇಲೆ ಚೆಲ್ಲಿಕೊಂಡ. ಅಕ್ಕ ಹೊಸ ರೇಷ್ಮೆ ಸೀರೆಯ ಸೆರಗಿನಿಂದ ಅವನ ಗದ್ದ ಒರೆಸಿದಳು; ಆಮೇಲೆ ಕಣ್ಣು.