ಐದನೇ ಪಾಠ ಓದಿ ಮಲ್ಲುವಿನ ಮದುವೆ ಮುರಿದದ್ದು

ಮೂವತ್ತನಾಲ್ಕು ವರ್ಷ ಜಮಖಂಡಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವ ನಾನು. ಯಾವ ವಿಷಯ ಕೊಟ್ಟರೂ ಹದಿನೈದು ದಿನದಲ್ಲಿ ಅರೆದು ಕುಡಿಯುತ್ತೇನೆಂಬ ಧೈರ್ಯ ನನಗೆ ಹುಟ್ಟಿನಿಂದ ಬಂದದ್ದು. ಹೀಗಾಗಿ ನಿವೃತ್ತನಾದ ಮೇಲೆ ಕ್ರೈಸ್ತ ನೀತಿಶಾಸ್ತ್ರದ ಅಂಚೆ ಕೋರ್ಸಿಗೆ ಹೆಸರು ಹಚ್ಚಿದಾಗ ನನಗೆ ಕಿಂಚಿತ್ತೂ ಅಳುಕಾಗಲಿಲ್ಲ.

ಇದಕ್ಕೆಲ್ಲ ಮೂಲ ಅಡುಗೆಮನೆ. ನಿವೃತ್ತನಾದ ಎರಡನೇ ವಾರ ಅಲ್ಲಿನ ಡಬ್ಬಿಗಳಿಗೆಲ್ಲ ಕ್ರಮಸಂಖ್ಯೆ ಅಂಟಿಸಿದೆ. ಹೆಂಡತಿ ಕಸ್ತೂರಿ ಸೊಂಟದ ಮೇಲೆ ಕೈಯಿಟ್ಟು, “ಏನರ ಓದ್ಕೋತ ಕೂಡ್ರಿ. ನನ್ನ ಡಬ್ಬಿ ತಂಟೆಕ್ ಬರಬ್ಯಾಡ್ರಿ,” ಅಂದಳು. ಅದೇ ಹೊತ್ತಿಗೆ ಮುಧೋಳದಿಂದ ನನ್ನ ಹಳೇ ಸಹೋದ್ಯೋಗಿ ಸ್ಯಾಮುಯೆಲ್ ಮಾಸ್ತರ ಬಂದಿದ್ದರು. ಅವರ ಚೀಲದಲ್ಲಿ ಈ ಕೋರ್ಸಿನ ಪುಸ್ತಕವಿತ್ತು. ಒಟ್ಟು ಹನ್ನೆರಡು ಪಾಠ. ಪ್ರತಿ ಪಾಠಕ್ಕೆ ಒಂದು ಅಭ್ಯಾಸ. ಉತ್ತರ ಬರೆದು ಕಳಿಸಿದರೆ ಒಬ್ಬ ಫಾದರ್ ಕೆಂಪು ಶಾಯಿಯಲ್ಲಿ ತಿದ್ದಿ ಕಳಿಸುತ್ತಾರೆ. ನಲವತ್ತು ಪುಟ ಓದಿದ್ದೆನೋ ಇಲ್ಲವೋ, ಓಣಿಯಲ್ಲಿ ಉಪದೇಶ ಶುರು ಮಾಡಿದೆ.

“ನಾವು ವಿಭೂತಿ ಹಚ್ಚೋ ಮಂದಿ. ನಿಮಗ್ಯಾಕ್ರಿ ಅವರ ಪುಸ್ತಕ?” ಎಂದು ಯಾರೋ ಕೇಳಿದರು.

“ನೀತಿಗೆ ಜಾತಿ ಇಲ್ಲ,” ಎಂದೆ, ಸಾಧ್ಯವಾದಷ್ಟು ಗಂಭೀರವಾಗಿ.

ಸ್ಯಾಮುಯೆಲ್ ಮಾಸ್ತರ ಹೋಗುವಾಗ ಒಂದೇ ಮಾತು ಹೇಳಿದ್ದರು: “ಸರ, ಪುಸ್ತಕ ಪೂರಾ ಓದ್ರಿ. ಆಮ್ಯಾಲೆ ಬಾಯಿ ತಗೀರಿ.” ಜೀವನವಿಡೀ ಮಕ್ಕಳಿಗೆ ಇದನ್ನೇ ಹೇಳಿದವನಿಗೆ ಬೇರೆಯವರು ಹೇಳಿದ್ದು ಕಿವಿಗೆ ಬೀಳುತ್ತದೆಯೇ?

ಐದನೇ ಪಾಠದ ಹೆಸರು ‘ಸತ್ಯ’. ನೆರೆಯವನ ವಿಷಯದಲ್ಲಿ ಸುಳ್ಳು ಸಾಕ್ಷಿ ನುಡಿಯಬಾರದೆಂಬ ಆಜ್ಞೆಯ ವಿವರಣೆ. ಕೊನೆಗೆ ಅಭ್ಯಾಸ: ಒಂದು ವಾರ ಒಂದೂ ಸುಳ್ಳು ಹೇಳದೆ ಬದುಕಿ, ಅನುಭವ ಬರೆಯಿರಿ. ಇದೇನು ಮಹಾ ಎಂದುಕೊಂಡೆ. ಸೋಮವಾರ ಕಸ್ತೂರಿಯ ತಂಗಿ ಫೋನಿನಲ್ಲಿ, “ನನ್ನ ಮಗಳ ಹಾಡು ಹೆಂಗಿತ್ತು ಮಾಮಾರ?” ಎಂದು ಕೇಳಿದಳು. ಹೇಳಿದೆ. ಮಂಗಳವಾರದಿಂದ ಆ ಮನೆಯ ಫೋನ್ ಬರಲಿಲ್ಲ. ಆದರೂ ಅಭ್ಯಾಸದ ಹಾಳೆಯಲ್ಲಿ ‘ಸತ್ಯಕ್ಕೆ ಬೆಲೆ ತೆರಬೇಕಾಗುತ್ತದೆ’ ಎಂದು ಹೆಮ್ಮೆಯಿಂದ ಬರೆದುಕೊಂಡೆ.

ಶುಕ್ರವಾರ ಸಾವಳಗಿಯಿಂದ ಇಬ್ಬರು ಬಂದರು. ಒಬ್ಬರು ಹೆಣ್ಣಿನ ತಂದೆ, ಇನ್ನೊಬ್ಬರು ಸೋದರಮಾವ. ನಮ್ಮ ಬಾಜೂಮನೆ ಈರಪ್ಪನ ಮಗ ಮಲ್ಲುವನ್ನು ನೋಡಿ ಒಪ್ಪಿದ್ದರು. ಈಗ ವಿಚಾರಣೆಗೆ ಬಂದಿದ್ದರು.

ನಮ್ಮ ಕಡೆ ಈ ವಿಚಾರಣೆಗೆ ಒಂದು ರೀತಿ-ರಿವಾಜು ಇದೆ. ನಿಶ್ಚಯಕ್ಕೆ ಮೊದಲು ಹೆಣ್ಣಿನವರು ಗಂಡಿನ ಓಣಿಗೆ ಬಂದು ಆಚೀಚೆ ಮನೆಯಲ್ಲಿ ಕೂತು ಹುಡುಗ ಹೇಗೆಂದು ಕೇಳುತ್ತಾರೆ. ನೆರೆಯವರು ಚಹಾ ಕೊಟ್ಟು, “ಹುಡುಗ ಬಂಗಾರದಂಥಾವ,” ಅನ್ನುತ್ತಾರೆ. ಅವರೂ ಅದನ್ನು ಪೂರಾ ನಂಬುವುದಿಲ್ಲ, ಹೇಳುವವರೂ ಪೂರಾ ಹೇಳುವುದಿಲ್ಲ. ಹೇಳುವವರ ಮುಖ ನೋಡಿ ಅಂದಾಜು ಮಾಡಿಕೊಂಡು ಹೋಗುತ್ತಾರೆ. ಇಡೀ ತಾಲೂಕಿನ ಮದುವೆಗಳು ನಡೆದಿರುವುದೇ ಹೀಗೆ. ಮಲ್ಲುವಿಗೆ ಮೂವತ್ತಮೂರು ದಾಟಿತ್ತು. ಈಗ ಹೆಣ್ಣು ಸಿಗುವುದು ಎಷ್ಟು ಕಷ್ಟವೆಂದು ಎಲ್ಲರಿಗೂ ಗೊತ್ತು. ಇದು ಹನ್ನೊಂದನೇ ಸಂಬಂಧ. ಅವನ ತಾಯಿ ಮಹಾದೇವಿ ಪ್ರತಿ ಸೋಮವಾರ ಒಂದೇ ಹೊತ್ತು ಉಣ್ಣುತ್ತಿದ್ದಳು.

“ಹುಡುಗ ಹೆಂಗ್ರಿ ಮಾಸ್ತರ?” ಅಂದರು ಸೋದರಮಾವ.

ಐದನೇ ಪಾಠ ನನ್ನ ಕಣ್ಣ ಮುಂದೆ ನಿಂತಿತು. ಒಳಗಿನಿಂದ ಕಸ್ತೂರಿ ಕೆಮ್ಮಿದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

“ಹುಡುಗ ಎರಡು ನೌಕರಿ ಬಿಟ್ಟಾನ. ಪಿಯುಸಿ ಮೂರನೇ ಸಲಕ್ಕ ಪಾಸು. ಮೊದಲ ಗುಟ್ಕಾ ಭಾಳ ತಿಂತಿದ್ದ. ಸಿಟ್ಟು ಜಾಸ್ತಿ, ಒಮ್ಮೆ ಕ್ರಿಕೆಟ್ ಸೋತಾಗ ಟಿವಿ ರಿಮೋಟ್ ಬಾವಿಗೆ ಒಗದಾನ.”

ಕಸ್ತೂರಿಯ ಕೆಮ್ಮು ಕ್ಷಯರೋಗದ ಮಟ್ಟಕ್ಕೆ ಹೋಯಿತು. ಬಂದವರು ಅರ್ಧ ಚಹಾ ಬಿಟ್ಟು ಎದ್ದರು. ಈರಪ್ಪನ ಮನೆಯಲ್ಲಿ ಅವರಿಗಾಗಿ ಉಪ್ಪಿಟ್ಟು ಆರುತ್ತಿತ್ತು. ಅತ್ತ ತಿರುಗಿಯೂ ನೋಡದೆ ಬಸ್ ಸ್ಟ್ಯಾಂಡ್ ದಾರಿ ಹಿಡಿದರು.

“ಸಾವಿರ ಸುಳ್ಳ ಹೇಳಿ ಒಂದು ಮದುವಿ ಮಾಡು ಅಂತಾರ ಹಿರ್ಯಾರು,” ಅಂದಳು ಕಸ್ತೂರಿ. “ನೀವು ನಾಕ ಖರೆ ಹೇಳಿ ಇದ್ದದ್ದೊಂದು ಮುರದ್ರಿ.”

“ಕೃತ್ಯ, ಉದ್ದೇಶ, ಸಂದರ್ಭ, ಈ ಮೂರನ್ನೂ ತೂಗಿ ನೋಡಬೇಕು. ನನ್ನ ಉದ್ದೇಶ ಶುದ್ಧ,” ಎಂದು ಪುಸ್ತಕ ತೋರಿಸಿದೆ. ಅವಳು ಪುಸ್ತಕದ ಮೇಲೆ ಚಹಾದ ಬಟ್ಟಲು ಕುಕ್ಕಿ ಹೋದಳು.

ಮರುದಿನ ಆರನೇ ಪಾಠ ತೆಗೆದೆ. ಮೊದಲ ಸಾಲನ್ನೇ ಎರಡೆರಡು ಸಲ ಓದಿದೆ. ಇನ್ನೊಬ್ಬರ ದೋಷ ನಿಜವೇ ಆಗಿದ್ದರೂ ತಕ್ಕ ಕಾರಣವಿಲ್ಲದೆ ಬಯಲಿಗೆಳೆದು ಅವರ ಹೆಸರು ಕೆಡಿಸುವುದು ಪಾಪ. ಹಾಗೆ ಮಾಡಿದವನು ಆದ ಹಾನಿಯನ್ನು ಸರಿಪಡಿಸಲೇಬೇಕು ಎಂಬುದು ಅದರ ಸಾರ. ಸ್ಯಾಮುಯೆಲ್ ಮಾಸ್ತರಿಗೆ ಫೋನ್ ಹಚ್ಚಿ ನಡೆದದ್ದನ್ನೆಲ್ಲ ಹೇಳಿದೆ.

“ಹೆಣ್ಣು ಕೊಡಾವ್ರಿಗೆ ಕೇಳೋ ಹಕ್ಕೈತಲ್ರಿ?” ಎಂದು ವಾದಿಸಿದೆ.

“ಐತ್ರಿ. ಅವರು ಕೇಳಿದ್ದು ಹುಡುಗ ಹೆಂಗದಾನ ಅಂತ. ನೀವು ಹೇಳಿದ್ದು ಹತ್ತು ವರ್ಷದ ಹಿಂದ ಹೆಂಗಿದ್ದ ಅಂತ. ನಾನು ಮೊದಲ ಹೇಳಿದ್ದೆ ಸರ, ಪುಸ್ತಕ ಪೂರಾ ಓದ್ರಿ.”

ಸರಿಪಡಿಸುವ ಮೊದಲ ಹೆಜ್ಜೆ ತಪ್ಪೊಪ್ಪಿಗೆ. ತಡಮಾಡದೆ ಈರಪ್ಪನ ಮನೆಗೆ ನಡೆದೆ. ಅಲ್ಲಿ ಎಲ್ಲರೂ, ಜಾತಕ ಹೊಂದಲಿಲ್ಲವೆಂದು ಸಾವಳಗಿಯವರು ಫೋನಿನಲ್ಲಿ ಹೇಳಿದ ನೆವವನ್ನು ನಂಬಿ, ಇದ್ದುದರಲ್ಲಿ ಸಮಾಧಾನವಾಗಿ ಕೂತಿದ್ದರು. ಅವರಿಗೆ ನನ್ನ ಮೇಲೆ ಸಂಶಯದ ಗಾಳಿಯೂ ಇರಲಿಲ್ಲ. ನಾನಾಗಿ ಹೋಗಿ, ಕಲಮು ಕಲಮಾಗಿ, ಗುಟ್ಕಾದಿಂದ ರಿಮೋಟಿನವರೆಗೆ ಎಲ್ಲವನ್ನೂ ಒಪ್ಪಿಕೊಂಡೆ.

ಈರಪ್ಪ ಬೈಯಲಿಲ್ಲ. ಬೈದಿದ್ದರೆ ಛಲೋ ಇತ್ತು. “ಮಾಸ್ತರ,” ಅಂದ, “ಹೋದ ವರ್ಷ ನೀವು ಬಚ್ಚಲದಾಗ ಬಿದ್ದು ಕಾಲು ಮುರಕೊಂಡಾಗ ಬೆನ್ನ ಮ್ಯಾಲೆ ಹೊತಗೊಂಡು ಗಾಡಿಗೆ ಹಾಕಿ ಬಾಗಲಕೋಟಿ ದವಾಖಾನಿಗೆ ಒಯ್ದಾವ ಯಾರ್ರಿ? ಒಂಬತ್ತು ದಿನ ನಿಮ್ಮ ಹಾಸಿಗಿ ಬಾಜೂಕ ಮಲಗಿದಾವ ಯಾರ್ರಿ? ಅದನ್ನ ಹೇಳಿದ್ರೇನು ಅವರಿಗೆ?”

ಹೇಳಿರಲಿಲ್ಲ. ನೆನಪೇ ಆಗಿರಲಿಲ್ಲ. ಮಲ್ಲು ಒಳಗಿನ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ. ಸಿಟ್ಟು ಜಾಸ್ತಿ ಎಂದು ನಾನು ಸಾಕ್ಷಿ ನುಡಿದಿದ್ದ ಹುಡುಗ, “ಇರಲಿ ಬಿಡ್ರಿ ಸರ, ನೀರು ಕುಡೀರಿ,” ಎಂದು ತಂಬಿಗೆ ತಂದಿಟ್ಟ. ನಾಚಿಕೆಯಿಂದ ತಂಬಿಗೆ ಮುಟ್ಟದೆ ಎದ್ದೆ.

ಮನೆಗೆ ಬಂದು ಅಂಗಿ ಹಾಕಿಕೊಂಡೆ. “ನಾನು ಈಗ ಸಾವಳಗಿಗೆ ಹೋಗಿ ಎಲ್ಲಾ ತಿಳಿಸಿ ಹೇಳತೇನಿ.”

“ನೀವು ಹೇಳಿದ್ದು ಸಾಕು,” ಅಂದಳು ಕಸ್ತೂರಿ. “ಅಂಗಿ ಬಿಚ್ಚಿ ಕೂಡ್ರಿ.” ಮಹಾದೇವಿಯನ್ನು ಕರೆದುಕೊಂಡು ತಾನೇ ಬಸ್ ಹತ್ತಿದಳು. ಮಧ್ಯಾಹ್ನ ನಾಲ್ಕಕ್ಕೆ ತಿರುಗಿ ಬಂದಾಗ ಇಬ್ಬರ ಕೈಯಲ್ಲೂ ಅವರು ಕೊಟ್ಟ ಕುಪ್ಪಸದ ಖಣವಿತ್ತು. ಸಂಬಂಧ ಗಟ್ಟಿಯಾಗಿತ್ತು. ಹೇಗೆಂದು ಎಷ್ಟು ಕೇಳಿದರೂ ಕಸ್ತೂರಿ, “ಇದ್ದದ್ದು ಹೇಳಿದ್ನಿ,” ಅಂದಳೇ ಹೊರತು ಬೇರೆ ಬಾಯಿ ಬಿಡಲಿಲ್ಲ. ಕೊನೆಗೆ ಸತ್ಯವೇ ಗೆದ್ದಿತೆಂದು ನಾನು ಅಭ್ಯಾಸದ ಹಾಳೆಯಲ್ಲಿ ಬರೆದು ಫಾದರ್‌ಗೆ ಕಳಿಸಿಯೂ ಬಿಟ್ಟೆ.

ನಿಶ್ಚಯವನ್ನು ಬುಧವಾರ ಸಾವಳಗಿಯಲ್ಲಿ ಇಟ್ಟುಕೊಂಡಿದ್ದರು. ಪೆಂಡಾಲಿಗೆ ಕಾಲಿಟ್ಟೆನೋ ಇಲ್ಲವೋ, ಆ ಸೋದರಮಾವ ಓಡಿ ಬಂದು ನನ್ನ ರಟ್ಟೆ ಹಿಡಿದರು. “ಸಾವಕಾಶ ಬರ್ರಿ ಕಾಕಾರ. ಫ್ಯಾನಿನ ಕೆಳಗ ಕೂಡ್ರಿ,” ಎಂದು ಒಂದೊಂದೇ ಅಕ್ಷರವನ್ನು ಬಿಡಿಸಿ ಬಿಡಿಸಿ, ಗಟ್ಟಿಯಾಗಿ ಹೇಳಿದರು. ಹೆಣ್ಣಿನ ತಂದೆ ಚಹಾ ತಂದು, ಆರಿಸಿ, ಬಶಿಗೆ ಹಾಕಿ ಕೊಟ್ಟರು. ಒಬ್ಬ ಹೆಣ್ಣುಮಗಳು ನನ್ನನ್ನು ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಗುರುಗಳಿಗೆ ಸಾವಳಗಿಯಲ್ಲಿ ಎಂಥ ಗೌರವವೆಂದು ಉಬ್ಬಿಹೋದೆ. ಆಗ ಹಿಂದಿನ ಕುರ್ಚಿಯಿಂದ ಪಿಸುಮಾತು ಕೇಳಿಸಿತು.

“ಪಾಪ, ಇವರ ಏನ್ರಿ? ರಿಟೈರ್ ಆದಾಗಿಂದ ತಲಿ ಸ್ವಲ್ಪ ಹಿಂದ-ಮುಂದ ಆಗೇತಂತ. ಬಂದ ಬಂದಾವರ ಮುಂದ ಏನೇನೋ ಹೇಳತಾರಂತ. ಹೆಂಡ್ತಿನ ಬಂದು ಅತ್ತು ಹೇಳಿ ಹೋದ್ಲು.”

ಹೆಂಗಸರ ಗುಂಪಿನಲ್ಲಿ ಕೂತಿದ್ದ ಕಸ್ತೂರಿಯನ್ನು ಹುಡುಕಿದೆ. ಅವಳು ನನ್ನತ್ತ ನೋಡಲೇ ಇಲ್ಲ. ನಾನು ಎದ್ದು ನಿಂತೆ. ಎಂಥ ಅಪವಾದ! ಗಣಿತ ಕಲಿಸಿದ ತಲೆ ಇದು. ಈಗಲೇ ಮೈಕ್ ಹಿಡಿದು, ಸ್ವಾಮಿ, ನನ್ನ ತಲೆ ನೆಟ್ಟಗಿದೆ, ನಾನು ಅಂದು ಹೇಳಿದ್ದೆಲ್ಲ ಖರೆ ಎಂದು ಸಾರಬೇಕೆನಿಸಿತು.

ವೇದಿಕೆಯ ಮೇಲೆ ಮಲ್ಲು ಹೊಸ ಅಂಗಿ ಹಾಕಿಕೊಂಡು ಕೂತಿದ್ದ. ಮಹಾದೇವಿ ಬೀಗಿತ್ತಿಯ ಉಡಿ ತುಂಬುತ್ತಿದ್ದಳು. ನಾನು ಎದ್ದು ನಿಂತದ್ದನ್ನು ಕಂಡು ಈರಪ್ಪನ ಮುಖ ಬಿಳಿಚಿತು.

ಸೋದರಮಾವ ಲಗುಬಗೆಯಿಂದ ಬಂದು ನನ್ನ ಭುಜ ಅಮುಕಿ ಕೂಡಿಸಿದರು. ಬಗ್ಗಿ, ಸಣ್ಣ ಮಗುವನ್ನು ಕೇಳಿದಂತೆ ಕೇಳಿದರು: “ಕಾಕಾರ, ಇವತ್ತ ಯಾವ ವಾರ, ಗೊತ್ತದ ಏನ್ರಿ?”

ಹನ್ನೆರಡು ಪಾಠಗಳಲ್ಲಿ ಆರನ್ನು ಮುಗಿಸಿದ್ದ ನಾನು ಕೃತ್ಯ, ಉದ್ದೇಶ, ಸಂದರ್ಭ ಮೂರನ್ನೂ ತೂಗಿ ನೋಡಿದೆ.

“ರವಿವಾರ,” ಎಂದೆ.

ಅವರು ನನ್ನ ಬೆನ್ನು ಸವರಿ, ಹೆಣ್ಣಿನ ತಂದೆಯ ಕಡೆ ತಿರುಗಿ, ತುಂಬಾ ಸಮಾಧಾನದಿಂದ ಹೇಳಿದರು: “ಆ ಹೆಣ್ಣಮಗಳು ಹೇಳಿದ್ದು ಖರೇನ ಐತಿ ನೋಡ್ರಿ.”